ಚೀಲದೊಳಗೆ ಏನಿದೆ ಹೇಳಿ

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಹಳೇ ಟೈರು ಗುಡ್ಡೆ ಹಾಕುವ ಶೆಡ್ಡಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಸಣ್ಣ ಕೋಣೆ ಇದೆ. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನೆಲ್ಲ ಬಂದು ಬೀಳುವುದು ಅಲ್ಲಿಗೆ. ಆ ಕೋಣೆಯ ಕಿಟಕಿಯ ಹಿಂದೆ ಕೂತು ನನಗೆ ಇಪ್ಪತ್ತಾರು ವರ್ಷವಾಯಿತು. ಡ್ರೈವರುಗಳು, ಕಂಡಕ್ಟರುಗಳು ಬೆನ್ನ ಹಿಂದೆ ನನ್ನನ್ನು ಖಾರದ ಮೇಡಂ ಅನ್ನುತ್ತಾರೆ. ಎದುರಿಗೇ ಅಂದರೂ ನನಗೇನು ಬೇಜಾರಿಲ್ಲ. ದಿನಕ್ಕೆ ಮೂವತ್ತು ಜನರಿಗೆ ಒಂದೇ ಮಾತು ಹೇಳಿ ನೋಡಿ, ಜೇನು ಸುರಿಯುವ ಬಾಯಿಗೂ ಖಾರ ಹತ್ತುತ್ತದೆ.

ಆ ಒಂದು ಮಾತು ಇದು: "ಒಳಗೆ ಏನೇನಿದೆ ಹೇಳಿ."

ಯಾವುದೇ ಚೀಲ ಬಂದ ದಿನವೇ ನಾನೂ ಒಬ್ಬ ಗುಮಾಸ್ತನೂ ಎದುರುಬದುರು ಕೂತು ಬಿಚ್ಚಿ, ಒಳಗಿನದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು, ಮತ್ತೆ ಕಟ್ಟಿ ಸೀಲು ಹಾಕುತ್ತೇವೆ. ಆಮೇಲೆ ನನ್ನದು ಅಂತ ಬಂದವರು ಚೀಲವನ್ನು ಕಣ್ಣಿಂದ ನೋಡುವ ಮೊದಲು ಅದರಲ್ಲಿರುವ ಐದು ಸಾಮಾನು ಬಾಯಿಬಿಟ್ಟು ಹೇಳಬೇಕು. ಮೂರಾದರೂ ರಿಜಿಸ್ಟರಿಗೆ ತಾಳೆಯಾಗಬೇಕು. ನಾನು ಸುಳಿವು ಕೊಡುವ ಹಾಗಿಲ್ಲ. ಇಪ್ಪತ್ತೊಂದನೇ ದಿನ ಸಂಜೆ ಐದಕ್ಕೆ ವ್ಯಾನು ಬಂದು, ಉಳಿದದ್ದನ್ನೆಲ್ಲ ದೊಡ್ಡ ಉಗ್ರಾಣಕ್ಕೆ ಹೊತ್ತುಕೊಂಡು ಹೋಗುತ್ತದೆ. ಅಲ್ಲಿಗೆ ಹೋದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಲ್ಲಿಂದ ಯಾರಿಗೂ ಏನೂ ವಾಪಸು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಬಾಯಿಬಿಟ್ಟರೆ ಬಣ್ಣಗೇಡು ಅನ್ನುವ ಮಾತು ನನ್ನ ಕಿಟಕಿಗಾಗಿಯೇ ಹುಟ್ಟಿದ್ದಿರಬೇಕು. ಟೈ ಕಟ್ಟಿದ ಒಬ್ಬ ಮಹಾಶಯ, "ಬಹಳ ಮುಖ್ಯವಾದ ಕಾಗದಪತ್ರ" ಅಂತ ಎದೆಯುಬ್ಬಿಸಿ ಹೇಳಿದ. ಒಳಗಿದ್ದದ್ದು ಎರಡು ಸಿನಿಮಾ ಪತ್ರಿಕೆ, ಒಂದು ಕಚ್ಚಿಟ್ಟ ಬನ್ನು. ಒಬ್ಬ ಮೇಷ್ಟರು ಉತ್ತರಪತ್ರಿಕೆ, ಕೆಂಪು ಪೆನ್ನು, ವ್ಯಾಕರಣ ಪುಸ್ತಕ ಎಲ್ಲ ಹೇಳಿದರು. ಎಲ್ಲದಕ್ಕಿಂತ ಮೇಲೇ ಇದ್ದ ಕಲ್ಲು ಹೊಡೆಯುವ ಕವಣೆಯನ್ನು ಮಾತ್ರ ಬಿಟ್ಟುಬಿಟ್ಟರು. ಇನ್ನೊಬ್ಬಾಕೆ ಹಿಂದೆ ಯಾರೂ ಇಲ್ಲವೆಂದು ಎರಡು ಸಲ ತಿರುಗಿ ನೋಡಿಕೊಂಡು, "ಹಲ್ಲಿನ ಸೆಟ್ಟು" ಅಂತ ಕಿಟಕಿಯ ಕಂಬಿಗೆ ಪಿಸುಗುಟ್ಟಿದಳು. ಜನ ಚೀಲದಲ್ಲಿ ಇರುವುದನ್ನು ಹೇಳುವುದಿಲ್ಲ, ಇರಬೇಕಿತ್ತು ಅನ್ನಿಸುವುದನ್ನು ಹೇಳುತ್ತಾರೆ. ಇನ್ನೊಂದನ್ನೂ ನಾನು ಕಂಡುಕೊಂಡಿದ್ದೆ. ನಿಜವಾದ ಒಡೆಯರು ತಡವರಿಸುತ್ತಾರೆ, ಮೋಸಗಾರರು ಪಟಪಟ ಅನ್ನುತ್ತಾರೆ. ಆ ಲೆಕ್ಕಾಚಾರ ಎಂದೂ ತಪ್ಪುವುದಿಲ್ಲವೆಂದು ನನಗೆ ಬಲು ಹೆಮ್ಮೆಯಿತ್ತು.

ಅವತ್ತು ನಾಲ್ಕು ಗಂಟೆ ದಾಟಿತ್ತು. ಸಾಲಿನಲ್ಲಿ ಒಬ್ಬ ಮುದುಕರು ಬಂದರು. ಅರವತ್ತೈದರ ಮೇಲಿರಬಹುದು. ನೀಲಿ ಅಂಗಿ, ಇಸ್ತ್ರಿ ಕಂಡು ತುಂಬಾ ದಿನವಾಗಿತ್ತು. ಬಿಟ್ಟು ಬಿಟ್ಟು ಕೆಮ್ಮುತ್ತಿದ್ದರು.

"ಹಸಿರು ಬ್ಯಾಗು, ನನ್ನ ಹೆಂಡತೀದು," ಅಂದರು. "ಏಳನೇ ನಂಬರ್ ಬಸ್ಸು, ಬಲಗಡೆ ಮೂರನೇ ಸೀಟು. ಇವತ್ತಿಗೆ ಇಪ್ಪತ್ತೊಂದು ದಿನ ಆಯ್ತು. ಇಲ್ಲಿದೆ ಅಂತ ಕಂಡಕ್ಟರು ಈಗ ಹೇಳಿದ."

"ಇಷ್ಟು ದಿನ ಎಲ್ಲಿದ್ರಿ?"

"ಆಸ್ಪತ್ರೇಲಿ, ಮೇಡಂ. ಬಸ್ಸಲ್ಲೇ ಅವಳಿಗೆ ಸ್ಟ್ರೋಕ್ ಆಯ್ತು. ನಾಲ್ಕು ಜನ ಎತ್ತಿ ಇಳಿಸಿದ್ರು. ಅವಳ ಜೊತೆ ನಾನೂ ಇಳಿದೆ, ಬ್ಯಾಗು ಸೀಟಲ್ಲೇ ಉಳೀತು. ಬಲಗೈ, ಬಲಗಾಲು ಬಿದ್ದೋಗಿದೆ. ಮಾತು ಹೊರಡಲ್ಲ. ಆದ್ರೆ ತಿಳಿವು ಚೆನ್ನಾಗಿದೆ, ಎಲ್ಲಾ ಅರ್ಥ ಆಗುತ್ತೆ." ಒಂದು ಸಲ ಕೆಮ್ಮಿ ಮತ್ತೆ ಹೇಳಿದರು: "ನನ್ನ ಮುಖ ಕಂಡ್ರೆ ಸಾಕು, ಎಡಗೈಯಲ್ಲಿ ತನ್ನ ಭುಜ ಮುಟ್ಕೋತಾಳೆ, ಆಮೇಲೆ ನನ್ನ ಕಡೆ ಬೆರಳು ತೋರಿಸ್ತಾಳೆ. ಬ್ಯಾಗು ಎಲ್ಲಿ ಕಳೆದೆ ಅಂತ. ದಿನಾ ಅದೇ. ಒಂದು ವಾರದಿಂದ ಊಟಾನೂ ಸರಿಯಾಗಿ ಮಾಡ್ತಿಲ್ಲ. ವ್ಯಾಯಾಮ ಮಾಡಿಸೋ ಹುಡುಗಿ ಬಂದ್ರೆ ಮುಖ ತಿರುಗಿಸ್ತಾಳೆ. ಹೀಗೇ ಹಟ ಹಿಡಿದ್ರೆ ಕೈಕಾಲು ವಾಪಸ್ ಬರಲ್ಲ ಅಂತಾರೆ ಡಾಕ್ಟ್ರು. ಆ ಬ್ಯಾಗು ಒಂದು ಅವಳ ಕೈಗೆ ಕೊಟ್ಟುಬಿಟ್ರೆ ಸಾಕು."

ನನ್ನ ಮನಸ್ಸು ಕರಗಲಿಲ್ಲ. ನಿಜ ಹೇಳುತ್ತೇನೆ. ಆಸ್ಪತ್ರೆಯ ಕಥೆ, ಸತ್ತ ಅತ್ತೆಯ ಕಥೆ, ನಾಳೆ ಪರೀಕ್ಷೆಯ ಕಥೆ, ಇವನ್ನೆಲ್ಲ ಕೇಳಿ ಕೇಳಿ ನನ್ನ ಕಿವಿ ಕಲ್ಲಾಗಿತ್ತು. ಫಾರಂ ಎಳೆದುಕೊಂಡು, "ಒಳಗೆ ಏನೇನಿದೆ ಹೇಳಿ," ಅಂದೆ. "ಐದು ಸಾಮಾನು. ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಬಂತು? ಮೂವತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ್ದೀವಿ. ಕಾರ್ಖಾನೇಲಿ ಸ್ಟೋರ್‌ಕೀಪರ್ ಆಗಿದ್ದೋನು ನಾನು. ನಾಲ್ಕು ಸಾವಿರ ಐಟಂ. ಯಾವ ಕಪಾಟಲ್ಲಿ ಯಾವ ನಟ್ಟು ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಹೆಂಡತಿ ಬ್ಯಾಗಲ್ಲಿ ಏನಿದೆ ಅಂತ ಗೊತ್ತಿಲ್ದೆ ಇರ್ತೀನಾ? ಬರ್ಕೊಳ್ಳಿ. ಒಂದು, ಬಾಚಣಿಗೆ. ಎರಡು, ಸಣ್ಣ ಕನ್ನಡಿ. ಮೂರು, ಚಿಲ್ಲರೆ ಪರ್ಸು. ನಾಲ್ಕು, ಅವಳು ಓದೋ ಕನ್ನಡಕ, ತೆಳು ಫ್ರೇಮಿಂದು. ಐದು, ಮುಖಕ್ಕೆ ಹಚ್ಚೋ ಪೌಡರು."

ಪಟಪಟ ಅಂದರು. ಹಿಂದೆ ನಿಂತಿದ್ದವರಿಗೂ ಕೇಳಿಸುವ ಹಾಗೆ ಅಂದರು.

ರಿಜಿಸ್ಟರು ತೆಗೆದು ನೋಡಿದೆ. ಹಸಿರು ಹೆಗಲಚೀಲ ಇತ್ತು, ಏಳನೇ ನಂಬರ್ ಬಸ್ಸಿನದೇ. ಒಳಗಿನ ಸಾಮಾನು ಎಂಟು. ಅವರು ಹೇಳಿದ್ದರಲ್ಲಿ ಒಂದೂ ಇರಲಿಲ್ಲ. ಅಷ್ಟೇ ಅಲ್ಲ, ಆ ಎಂಟರಲ್ಲಿ ಇದು ಹೆಂಗಸಿನದು ಅನ್ನುವಂಥದ್ದೇ ಒಂದೂ ಇರಲಿಲ್ಲ.

"ತಾಳೆಯಾಗಲ್ಲ," ಅಂದೆ.

"ಯಾವುದು ಆಗಲ್ಲ?"

"ಯಾವುದೂ ಆಗಲ್ಲ. ಯಜಮಾನ್ರೇ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನೆ ಕಳಿಸ್ತಿದ್ದೀನಿ. ಬೇರೆಯವರ ಸಾಮಾನಿಗೆ ಆಸೆ ಪಡಬಾರದು. ಮುಂದಿನವರು ಬನ್ನಿ."

ಅವರು ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಮೋಸಗಾರರು ಬರುತ್ತಾರೆ, ಮೇಲಧಿಕಾರಿ ಯಾರು ಅಂತ ಕೇಳುತ್ತಾರೆ. ಇವರು, ಹಿಂದಿನವರು ಭುಜ ಮುಟ್ಟಿ ಸರಿಸಿದ ಮೇಲೆ ಪಕ್ಕಕ್ಕೆ ಹೋಗಿ ಎದುರಿನ ಬೆಂಚಿನ ಮೇಲೆ ಕೂತರು. ಬೆಂಚು ಪೂರಾ ಖಾಲಿ ಇತ್ತು. ಆದರೂ ಒಂದು ತುದಿಗೆ ಒತ್ತಿ ಕೂತರು, ಎಡಕ್ಕೆ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ.

ನಾನು ಒಂದು ಛತ್ರಿ ಕೊಟ್ಟೆ, ಒಂದು ಊಟದ ಡಬ್ಬಿ ಕೊಟ್ಟೆ. ಕಣ್ಣು ಮಾತ್ರ ಬೇಡವೆಂದರೂ ಬೆಂಚಿನ ಕಡೆಗೇ ಹೋಗುತ್ತಿತ್ತು. ಅವರಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಎಡಗಡೆಗೆ ತಿರುಗಿ, ಯಾರಾದರೂ ಏನಾದರೂ ಕೊಡುತ್ತಾರೆ ಅನ್ನುವ ಹಾಗೆ ಅಂಗೈ ಚಾಚಿದರು. ಅಲ್ಲಿ ಯಾರೂ ಇರಲಿಲ್ಲ. ಅಂಗೈಯನ್ನು ಒಂದು ಗಳಿಗೆ ಹಾಗೇ ನೋಡಿ ತೊಡೆಯ ಮೇಲೆ ಇಟ್ಟುಕೊಂಡರು. ಆಗಲೇ ನಾನು ಅವರ ಅಂಗಿಯನ್ನು ಸರಿಯಾಗಿ ನೋಡಿದ್ದು. ಮೂರನೆಯ ಗುಂಡಿ ಕಿತ್ತುಹೋಗಿತ್ತು. ಆ ಜಾಗಕ್ಕೆ, ಕಾಗದಕ್ಕೆ ಹೊಡೆಯುತ್ತಾರಲ್ಲ, ಆ ಸ್ಟೇಪ್ಲರ್ ಪಿನ್ನು ಹೊಡೆದುಕೊಂಡಿದ್ದರು.

ರಿಜಿಸ್ಟರು ತೆರೆದೇ ಇತ್ತು. ನಾಲ್ಕನೇ ಸಾಲಿನಲ್ಲಿ ನನ್ನದೇ ಅಕ್ಷರ: ನೀಲಿ ಅಂಗಿ ಗುಂಡಿ ಎರಡು, ದಾರ ಪೋಣಿಸಿದ ಸೂಜಿ ಒಂದು.

ಇಪ್ಪತ್ತಾರು ವರ್ಷದ ನನ್ನ ಲೆಕ್ಕಾಚಾರಕ್ಕೆ ಬೆಂಕಿ ಬೀಳಲಿ ಅಂದುಕೊಂಡೆ. ಗಡಿಯಾರ ನೋಡಿದೆ, ಐದಕ್ಕೆ ಹನ್ನೆರಡು ನಿಮಿಷ. ವ್ಯಾನು ಬಂದು ಶೆಡ್ಡಿನ ಮುಂದೆ ನಿಂತಾಗಿತ್ತು. ಫಾರಮ್ಮಿಗೆ ನಾನಿನ್ನೂ ಸಹಿ ಹಾಕಿರಲಿಲ್ಲ. ಸಹಿ ಬೀಳುವ ತನಕ ಹೇಳಿಕೆ ತಿದ್ದಬಹುದು ಅಂತ ನಿಯಮವಿದೆ. ಸುಳಿವು ಕೊಡಬಾರದು ಅಂತಲೂ ಇದೆ.

"ಯಜಮಾನ್ರೇ, ಬನ್ನಿ ಇಲ್ಲಿ," ಅಂತ ಕರೆದೆ. ಸಾಲಿನಲ್ಲಿದ್ದ ಇಬ್ಬರು ಗೊಣಗಿದರು. ಗೊಣಗಲಿ ಅಂತ ಬಿಟ್ಟೆ. "ಬಸ್ಸಲ್ಲಿ ಹೋಗೋವಾಗ ನೀವು ಬ್ಯಾಗು ಹಿಡ್ಕೊಳ್ತೀರಾ?"

"ಇಲ್ಲ. ನಾನು ಕೈಬೀಸ್ಕೊಂಡು ಹೋಗೋನು."

"ಸರಿ. ಅವರು ಏನು ಇಟ್ಕೊಂಡಿದ್ರು ಅನ್ನೋದು ಬಿಡಿ. ಮನೆಯಿಂದ ಹೊರಟಾಗಿನಿಂದ ವಾಪಸ್ ಬರೋವರೆಗೆ ಅವರು ನಿಮಗೆ ಏನೇನು ಕೊಡ್ತಾರೆ? ಅದನ್ನ ಹೇಳಿ."

ಈ ಸಲ ಪಟಪಟ ಬರಲಿಲ್ಲ.

"ನನಗಾ?" ಅಂದರು. "ನನಗೇನು ಕೊಡ್ತಾಳೆ... ಬಸ್ಸು ಹೊರಟ ಕೂಡ್ಲೆ ಕಿವಿಗೆ ಹತ್ತಿ ತುರುಕ್ತಾಳೆ. ಕಿಟಕಿ ಪಕ್ಕ ಗಾಳಿ ಜಾಸ್ತಿ ಅಂತ. ಜನ ನೋಡ್ತಾರೆ ಕಣೇ ಅಂತ ನಾನು ಬೈತೀನಿ."

ಹತ್ತಿ. ಆರನೇ ಸಾಲು. ಬರೆದುಕೊಂಡೆ.

"ಕೆಮ್ಮು ಬಂದ್ರೆ ಪೆಪ್ಪರಮಿಂಟು. ಬರೋಕೆ ಮುಂಚೇನೇ ಅವಳಿಗೆ ಹೇಗೆ ಗೊತ್ತಾಗುತ್ತೋ, ಅಂಗೈ ಚಾಚಿದ್ರೆ ಇರುತ್ತೆ." ಅವರ ದನಿ ಸಣ್ಣದಾಗುತ್ತಿತ್ತು. "ಪೇಪರ್ ಓದಕ್ಕೆ ಹೋದ್ರೆ ಕನ್ನಡಕ ಮನೇಲೇ ಬಿಟ್ಟಿರ್ತೀನಿ. ಹಳೇದೊಂದಿದೆ, ದಪ್ಪ ಕಪ್ಪು ಫ್ರೇಮಿಂದು, ಅದನ್ನ ತೆಗೆದು ಕೊಡ್ತಾಳೆ. ಬೈಕೊಂಡೇ ಕೊಡ್ತಾಳೆ. ಬೆವರಿದ್ರೆ ಕರವಸ್ತ್ರ. ಚೌಕಳಿ ಇರೋದು, ಎರಡು. ಗುಂಡಿ ಕಿತ್ರೆ ನಿಂತ ಜಾಗದಲ್ಲೇ ಹೊಲಿದುಬಿಡ್ತಾಳೆ. ಮಳೇಲಿ ಕಾಲು ನೆಂದ್ರೆ ಒಣಗಿದ ಕಾಲುಚೀಲ. ಕಚೇರೀಲಿ ಏನಾದ್ರೂ ಬರೀಬೇಕಾದ್ರೆ ಪೆನ್ನು..."

ಅವರು ಕಿಟಕಿಯ ಕಂಬಿ ಹಿಡಿದುಕೊಂಡರು. ಅಷ್ಟರಲ್ಲಿ ಏಳು ತಾಳೆಯಾಗಿತ್ತು. ಮೂರು ಸಾಕಿತ್ತು, ನಾನು ಮೂರಕ್ಕೇ ನಿಲ್ಲಿಸಬಹುದಿತ್ತು. ಆದರೆ ಎರಡನೇ ಸಾಲು ಉಳಿದಿತ್ತಲ್ಲ, ಅದನ್ನು ಓದಿ ನನಗೆ ಗಾಬರಿಯಾಗಿತ್ತು.

"ಇನ್ನೊಂದು ಇದೆ," ಅಂದೆ. "ಬೆಳಿಗ್ಗೆ ಹೊತ್ತು ಏನಾದ್ರೂ ಕೊಡ್ತಾರಾ?"

ಇದು ಸುಳಿವೇ. ಕೊಟ್ಟೆ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

"ಬೆಳಿಗ್ಗೆ ಎಂಟಕ್ಕೆ ಬಿ.ಪಿ. ಮಾತ್ರೆ ಕೊಡ್ತಾಳೆ," ಅಂದರು.

"ಕೊನೇ ಸಲ ಯಾವಾಗ ತಗೊಂಡ್ರಿ?"

"ಅವಳೇ ಕೊಡ್ತಿದ್ಲು. ಮಾತ್ರೆ ಹೆಸರು ಏನು ಅಂತಾನೂ ನನಗೆ ಗೊತ್ತಿಲ್ಲ." ಮನಸ್ಸಿನಲ್ಲೇ ದಿನ ಎಣಿಸುತ್ತಿರುವುದು ಅವರ ತುಟಿಯಲ್ಲಿ ಕಾಣುತ್ತಿತ್ತು. ಆಮೇಲೆ ಎಡಗೈ ಎತ್ತಿ ತಮ್ಮ ಭುಜ ಮುಟ್ಟಿಕೊಂಡರು, ಬೆರಳನ್ನು ತಮ್ಮ ಎದೆಗೇ ತೋರಿಸಿಕೊಂಡರು. "ಬ್ಯಾಗು ಎಲ್ಲಿ ಕಳೆದೆ ಅಂತ ಕೇಳ್ತಿರಲಿಲ್ಲ ಅವಳು. ಬ್ಯಾಗಲ್ಲಿ ಮಾತ್ರೆ ಇದೆ, ತಗೋ ಅಂತಿದ್ಲು. ಇಪ್ಪತ್ತೊಂದು ದಿನದಿಂದ ಅದನ್ನೇ ಹೇಳ್ತಿದ್ಲು, ಮೇಡಂ. ನಾನು ದಿನಾ ಅವಳಿಗೆ, ಕಳೆದುಹೋದ ಬ್ಯಾಗಿಗೆ ಯಾಕೆ ಇಷ್ಟು ಹಟ ಅಂತ ರೇಗ್ತಿದ್ದೆ."

ಅತ್ತುಬಿಟ್ಟರು. ಸಾಲಿನಲ್ಲಿ ಗೊಣಗಿದ್ದವರೇ ಬೆಂಚು ತಂದು ಕಿಟಕಿಯ ಹತ್ತಿರ ಹಾಕಿದರು. ನನಗೂ ಕಣ್ಣು ತುಂಬಿತು. ರಿಜಿಸ್ಟರಿನ ಮೇಲೆ ಬಗ್ಗಿ, ಇಲ್ಲದ ತಪ್ಪು ಹುಡುಕುತ್ತಾ ಕೂತೆ. ವ್ಯಾನಿನವನು ಹಾರ್ನ್ ಹೊಡೆದ. "ಬಾಯಿ ಮುಚ್ಚಿಸು ಅದರದ್ದು, ಬಂದೆ," ಅಂತ ಕೂಗಿ ಹಸಿರು ಚೀಲವನ್ನು ನಾನೇ ಕಪಾಟಿನಿಂದ ಇಳಿಸಿ ತಂದೆ.

ಸೀಲು ಒಡೆದು ಮೇಜಿನ ಮೇಲೆ ಸುರಿದೆವು. ಎಂಟೂ ಇತ್ತು. ಮಾತ್ರೆಯ ಹಾಳೆಯನ್ನು ಕಾಗದದಲ್ಲಿ ಸುತ್ತಿ, ಮೇಲೆ "ಬೆಳಿಗ್ಗೆ ಒಂದು" ಅಂತ ಬರೆದಿತ್ತು.

"ಈಗಲೇ ನುಂಗಬೇಡಿ," ಅಂದೆ. "ಇಷ್ಟು ದಿನ ಬಿಟ್ಟಿದ್ದೀರಿ. ಆಸ್ಪತ್ರೆಗೇ ತಾನೆ ಹೋಗ್ತಿರೋದು, ಡಾಕ್ಟ್ರ ಹತ್ರ ಬಿ.ಪಿ. ನೋಡಿಸ್ಕೊಂಡು ಕೇಳಿ ತಗೊಳ್ಳಿ. ಇಲ್ಲಿ ಸಹಿ ಹಾಕಿ. ಮತ್ತೆ... ನಾನು ಆಗ ಹಾಗೆ ಅನ್ನಬಾರದಿತ್ತು."

"ನೀವು ಅಂದಿದ್ದು ಸರೀನೇ ಇತ್ತಲ್ಲ. ತಾಳೆಯಾಗಲಿಲ್ಲ," ಅಂದರು. ಸಹಿ ಹಾಕಿ ಸಾಮಾನನ್ನೆಲ್ಲ ಒಂದೊಂದಾಗಿ ಒಳಗಿಟ್ಟರು. ಇಟ್ಟಮೇಲೆ ಚೀಲವನ್ನು ಮತ್ತೆ ತೆರೆದು, ಪಕ್ಕದ ಜೇಬಿಗೆ ಕೈ ಹಾಕಿ ತಡಕಾಡಿದರು, ಒಳಗಿನ ಜೇಬನ್ನೂ ತಡಕಾಡಿದರು.

"ಏನು ಹುಡುಕ್ತಿದ್ದೀರಿ?"

"ಅವಳದು ಏನಾದ್ರೂ ಇದೆಯಾ ಅಂತ. ಎಲ್ಲಾ ನಂದೇ ಇದೆಯಲ್ಲ ಮೇಡಂ. ನಾಲ್ಕು ಸಾವಿರ ನಟ್ಟು ಬೋಲ್ಟು ಗೊತ್ತಿತ್ತು ನನಗೆ. ದೀಪದ ಬುಡದಲ್ಲೇ ಕತ್ತಲೆ." ಚೀಲ ಮುಚ್ಚಿ, "ಅವಳಿಗೆ ಬೇಕಾದ್ದು ಒಂದಾದ್ರೂ ಇಟ್ಕೊಂಡು ಹೋಗ್ಬೇಕು ಅನ್ನಿಸ್ತಿದೆ. ಹೆಂಗಸರು ಏನು ಇಟ್ಕೊಳ್ತಾರೆ?" ಅಂತ ಕೇಳಿದರು.

"ಹೆಂಗಸರು ಅಂದ್ರೆ ಒಂದೇ ಅಚ್ಚಿನ ಇಟ್ಟಿಗೇನಾ? ಅವರನ್ನೇ ಕೇಳಿ."

"ಮಾತು ಬರಲ್ವಲ್ಲ."

"ನಿಮಗೆ ಬರುತ್ತಲ್ಲ. ನೀವು ಒಂದೊಂದೇ ಹೇಳಿ, ಅವರು ತಲೆ ಆಡಿಸ್ಲಿ. ನಾನು ಇಲ್ಲಿ ಇಪ್ಪತ್ತಾರು ವರ್ಷದಿಂದ ಇನ್ನೇನು ಮಾಡ್ತಿದ್ದೀನಿ?"

ಅವರು ನನ್ನ ಮುಖವನ್ನು ನೋಡಿದರು. "ಒಂದು ಖಾಲಿ ಫಾರಂ ಕೊಡ್ತೀರಾ?" ಅಂದರು.

ನಮ್ಮ ಫಾರಮ್ಮಿಗೆಲ್ಲ ನಂಬರಿದೆ, ಹೊರಗೆ ಕೊಡುವ ಹಾಗಿಲ್ಲ. ಒಂದನ್ನು ಹರಿದು ಕೊಟ್ಟೆ. "ಇದು ಸರ್ಕಾರಿ ಕಾಗದ, ಪಕೋಡ ಕಟ್ಟೋಕಲ್ಲ. ತುಂಬಿಸಿ ವಾಪಸ್ ತಂದುಕೊಡ್ಬೇಕು," ಅಂತ ಗದರಿಸಿಯೇ ಕೊಟ್ಟೆ. ಗದರಿಸದಿದ್ದರೆ ನನ್ನ ದನಿ ಒಡೆಯುತ್ತಿತ್ತು.

ಅವತ್ತು ಕಿಟಕಿ ಮುಚ್ಚುವ ಮೊದಲು ನನ್ನ ಚೀಲವನ್ನೂ ಒಮ್ಮೆ ತೆರೆದು ನೋಡಿದೆ. ಬಾಚಣಿಗೆ, ಛತ್ರಿ, ತಲೆನೋವಿನ ಮುಲಾಮು, ಎಲ್ಲ ನನ್ನದೇ. ತಂಗಿ ಕಟ್ಟಿಕೊಟ್ಟ ಊಟದ ಡಬ್ಬಿ ಮಾತ್ರ ಅವಳದು, ಅದೂ ಖಾಲಿ. ಮನೆಗೆ ಹೋಗುವಾಗ ಅವಳಿಗೆ ಎರಡು ಸೀಬೆಹಣ್ಣು ತೆಗೆದುಕೊಂಡು ಹೋದೆ. "ಏನಕ್ಕ, ಜ್ವರ ಗಿರ ಬಂದಿದೆಯಾ?" ಅಂತ ಕೇಳಿದಳು.

ಹದಿಮೂರು ದಿನವಾದ ಮೇಲೆ ಸ್ಟೋರ್‌ಕೀಪರು ಬಂದರು. ಅಂಗಿಗೆ ಗುಂಡಿ ಇತ್ತು. ಅವರೇ ಹೊಲಿದುಕೊಂಡಿದ್ದರಂತೆ, ವಕ್ರವಾಗಿ.

"ಫಾರಂ ತಂದಿದ್ದೀನಿ," ಅಂತ ಮಡಿಕೆ ಬಿಡಿಸಿ ಕಂಬಿಯ ಸಂದಿಯಲ್ಲಿ ತೂರಿಸಿದರು.

ಸ್ಟೋರಿನವರ ಕೈಬರಹ. ಕ್ರಮಸಂಖ್ಯೆ, ವಿವರ, ಎದುರಿಗೆ ಸರಿ ಅಥವಾ ತಪ್ಪು ಗುರುತು. ಐದು ಸಾಲು ಸಾಲದೆ ಹಿಂಬದಿಗೂ ಇಳಿದಿತ್ತು. ಬಾಚಣಿಗೆ, ಸರಿ. ಕನ್ನಡಿ, ತಪ್ಪು. ಪೌಡರು, ತಪ್ಪು. ಪೆನ್ಸಿಲ್, ಸರಿ.

"ಪೆನ್ಸಿಲ್ ಯಾಕೆ?"

"ಪದಬಂಧ ಬಿಡಿಸೋಕೆ. ನಾನು ಪೇಪರ್ ಓದಿ ಇಟ್ಟಮೇಲೆ ಅದರಲ್ಲಿ ಪದಬಂಧ ತುಂಬಿರೋದು. ಪಕ್ಕದ ಮನೆಯವರು ಪೇಪರ್ ಇಸ್ಕೊಂಡು ಹೋಗ್ತಾರಲ್ಲ, ಅವರು ತುಂಬ್ತಾರೆ ಅಂದ್ಕೊಂಡಿದ್ದೆ. ಎಷ್ಟು ವರ್ಷದಿಂದ. ಪೆನ್ಸಿಲ್ ಅಂದ ಕೂಡ್ಲೆ ಅವಳು ನಕ್ಕಳು ನೋಡಿ, ಅರ್ಧ ಬಾಯಲ್ಲಿ, ಆಗ ಗೊತ್ತಾಯ್ತು." ಸ್ವಲ್ಪ ನಾಚಿಕೊಂಡೇ ಹೇಳಿದರು. "ಮೊದಲ ದಿನ ನೂರಹತ್ತು ಐಟಂ ಹೇಳಿದೆ. ಸಾಕು ಮಾರಾಯಾ ಅನ್ನೋ ಹಾಗೆ ಎಡಗೈ ಎತ್ತಿಬಿಟ್ಲು. ಈಗ ಊಟ ಮಾಡ್ತಾಳೆ. ವ್ಯಾಯಾಮದ ಹುಡುಗಿ ಜೊತೆ ಒಳ್ಳೇ ದೋಸ್ತಿ."

ಪೆಪ್ಪರಮಿಂಟಿಗೆ ತಪ್ಪು ಗುರುತು ಬಿದ್ದಿತ್ತು. ಅವರ ಹೆಂಡತಿಗೆ ಅದು ಸೇರುತ್ತಲೇ ಇರಲಿಲ್ಲವಂತೆ. ಅದರ ಕೆಳಗೆ, ಕಿಟಕಿ ಪಕ್ಕದ ಸೀಟು ಅಂತ ಬರೆದು, ಎದುರಿಗೆ ಎರಡು ಸಲ ಸರಿ ಹಾಕಿದ್ದರು.

"ಇದು ಬ್ಯಾಗಿನಲ್ಲಿ ಹಿಡಿಯಲ್ಲ," ಅಂದೆ.

"ಗೊತ್ತು. ಮೂವತ್ತೊಂಬತ್ತು ವರ್ಷ ನಾನೇ ಕೂತಿದ್ದೆ ಅಲ್ಲಿ. ಇನ್ನು ಮೇಲೆ ಕೂರಲ್ಲ."

ಕೊನೆಯ ಸಾಲಿಗೆ ಬಂದೆ. ನನ್ನ ಮಾತ್ರೆ ಇನ್ನು ಮುಂದೆ ನಾನೇ ಇಟ್ಟುಕೊಳ್ಳುತ್ತೇನೆ, ಅಂತ ದುಂಡಗೆ ಬರೆದಿದ್ದರು. ಅದರ ಎದುರಿಗಿನ ತಪ್ಪು ಗುರುತು ಬೇರೆಯವುಗಳ ಹಾಗಿರಲಿಲ್ಲ. ಸೊಟ್ಟಗೆ, ದೊಡ್ಡದಾಗಿ, ಪಕ್ಕದ ಚೌಕಕ್ಕೂ ನುಗ್ಗಿತ್ತು. ಒತ್ತಿದ ರಭಸಕ್ಕೆ ಕಾಗದ ಒಂದು ಕಡೆ ಹರಿದಿತ್ತು.

"ಬಾಕಿ ಗುರುತೆಲ್ಲ ನಾನು ಹಾಕಿದ್ದು," ಅಂದರು. "ಇದೊಂದು ಅವಳು ಹಾಕಿದ್ದು. ನನ್ನ ಕೈಯಿಂದ ಪೆನ್ಸಿಲ್ ಕಿತ್ಕೊಂಡ್ಲು, ಮೇಡಂ. ಬಲಗೈಯಲ್ಲಿ."

"ಬಲಗೈಯಲ್ಲಿ?"

"ಹೂಂ. ಬಿದ್ದೋಗಿದ್ದ ಕೈಯಲ್ಲಿ."

"ಆಮೇಲೆ ನೀವೇನು ಮಾಡಿದ್ರಿ?" ಅಂತ ಕೇಳಿದೆ.

"ಏನ್ ಮಾಡ್ಲಿ? ಮಾತ್ರೆ ವಾಪಸ್ ಬ್ಯಾಗಿಗೇ ಹಾಕಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋಗಿ ಕೈ ಚಾಚ್ತೀನಿ. ಒಂದು ಮಾತ್ರೆ ತೆಗೆಯೋಕೆ ಅವಳಿಗೆ ಕಾಲು ಗಂಟೆ ಬೇಕು. ನಾನು ಕಾಯ್ತೀನಿ."